ಯಜಮಾನನ ಕುರ್ಚಿ, ಬೂಟ್ ಪಾಲಿಶಿನ ಟರ್ಕಿ

ವೆಂಡೆಲ್ ಓಸ್ಟ್ರಾಂಡರ್ ತನ್ನ ರಾಜ್ಯವನ್ನು ಕಳೆದುಕೊಂಡದ್ದು ಯುದ್ಧದಲ್ಲಲ್ಲ. ಐವತ್ತೆರಡನೇ ಇಸವಿಯ ಒಂದು ಶನಿವಾರ ಇಬ್ಬರು ಆಳುಗಳು ಇಪ್ಪತ್ತೊಂದು ಇಂಚಿನ ಟೆಲಿವಿಷನ್ ಪೆಟ್ಟಿಗೆಯನ್ನು ಹೊತ್ತು ತಂದು ಅವನ ಊಟದ ಕೋಣೆಯ ಗೋಡೆಗೆ ಒರಗಿಸಿ ಹೋದರು. ಅವತ್ತೇ ಸಂಜೆ ರಾಜ ಪದಚ್ಯುತನಾದ. ಒಂದು ಗುಂಡು ಹಾರಲಿಲ್ಲ, ಒಂದು ತೊಟ್ಟು ರಕ್ತ ಬೀಳಲಿಲ್ಲ. ಇತಿಹಾಸಕಾರರು ಯಾರೂ ಬರೆದಿಟ್ಟಿಲ್ಲವಾದ್ದರಿಂದ ಆ ಹೊಣೆ ಪಕ್ಕದ ಮನೆಯವನಾದ ನನ್ನ ಮೇಲೆ ಬಿದ್ದಿದೆ.

ಆದದ್ದಿಷ್ಟೆ. ಮೇಜಿನ ಆ ತುದಿಯಲ್ಲಿ, ಕೈಗಳಿದ್ದ ಒಂದೇ ಒಂದು ಕುರ್ಚಿಯಲ್ಲಿ, ಮನೆಯ ಯಜಮಾನ ಕೂರುತ್ತಿದ್ದ. ಟೆಲಿವಿಷನ್ ಬಂದು ನಿಂತದ್ದು ಸರಿಯಾಗಿ ಅವನ ಬೆನ್ನ ಹಿಂದೆ.

"ಡ್ಯಾಡಿ, ನಿಮ್ಮ ತಲೆ ಅಡ್ಡ ಬರ್ತಿದೆ" ಎಂದ ಮಗ ರಸ್ಟಿ.

ವೆಂಡೆಲ್ ತಲೆ ತಗ್ಗಿಸಿದ. ಮಾರನೆಯ ದಿನ ಕುರ್ಚಿಯನ್ನು ಒಂದಡಿ ಎಡಕ್ಕೆ ಸರಿಸಿದ. ಆಗ ಮಗಳು ಗ್ವೆನ್‌ಗೆ ಅಡ್ಡ ಬಂತು. ಮೂರನೆಯ ವಾರ ತಟ್ಟೆ ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತು ಉಂಡ. ಹೆಂಡತಿ ಲೋರ್ನಾಗೆ ಕರುಳು ಚುರುಕ್ಕೆಂದಿರಬೇಕು. ಅಡುಗೆಮನೆಯ ಕಟ್ಟೆಯ ಬಳಿ ಒಂದು ಸ್ಟೂಲು ಹಾಕಿಕೊಟ್ಟು, "ಇಲ್ಲೇ ಕೂತ್ಕೋ. ಉಪ್ಪೂ ಹತ್ರ ಇರುತ್ತೆ" ಎಂದಳು. ಕೈಗಳಿದ್ದ ಕುರ್ಚಿ ಗ್ಯಾರೇಜಿಗೆ ಹೋಯಿತು.

ಇಷ್ಟಕ್ಕೂ ವೆಂಡೆಲ್ ಸಾಮಾನ್ಯನಲ್ಲ. ನಾವಿಬ್ಬರೂ ದುಡಿಯುವುದು ಒಂದೇ ಸ್ಟುಡಿಯೋದಲ್ಲಿ. ನಾನು ಸೆಟ್ಟಿನ ಗೋಡೆಗಳಿಗೆ ಬಣ್ಣ ಬಳಿಯುತ್ತೇನೆ, ಅವನು ಸಾಮಾನು ವಿಭಾಗದಲ್ಲಿ ಊಟದ ಮೇಜುಗಳಿಗೆ ಅಧಿಪತಿ. ನೀವು ತೆರೆಯ ಮೇಲೆ ನೋಡುವ ಅದೆಷ್ಟೋ ಸುಖೀ ಸಂಸಾರಗಳು ವೆಂಡೆಲ್ ಬಡಿಸಿದ ಮೇಜಿನ ಸುತ್ತಲೇ ಕೂತಿವೆ. ತಂದೆ ಬರುವವರೆಗೂ ಮಕ್ಕಳು ಚಮಚ ಮುಟ್ಟುವುದಿಲ್ಲ. ತಂದೆ ಕೆಮ್ಮಿದರೆ ಮನೆಯೇ ಕಿವಿಯಾಗುತ್ತದೆ. ದಿನಕ್ಕೆ ಎಂಟು ಗಂಟೆ ಇಂಥ ತಂದೆಯರಿಗೆ ತಟ್ಟೆ ಇಟ್ಟು, ಸಂಜೆ ಮನೆಗೆ ಬಂದು ಉಪ್ಪಿನ ಪಕ್ಕದ ಸ್ಟೂಲಿನ ಮೇಲೆ ಕೂರುವುದು ಅವನ ಜೀವನ.

ಅವನ ಕಲೆಯ ಶಿಖರವೆಂದರೆ ಟರ್ಕಿ ಕೋಳಿ. ಪೂರ್ತಿ ಬೇಯಿಸಿದ ಹಕ್ಕಿ ಸ್ಟುಡಿಯೋ ದೀಪಗಳ ಕೆಳಗೆ ಅರ್ಧ ತಾಸು ತಾಳುವುದಿಲ್ಲ. ಕುಗ್ಗಿ, ಸುಕ್ಕುಗಟ್ಟಿ, ಲೋರ್ನಾಳ ತಾಯಿ ಯೂಡೋರಾ ಅಜ್ಜಿಯ ಕೆನ್ನೆಯಂತಾಗುತ್ತದೆ. ಹಾಗಾಗಿ ವೆಂಡೆಲ್ ಹಕ್ಕಿಯ ಚರ್ಮವನ್ನಷ್ಟೇ ಬಿಸಿ ತಾಗಿಸಿ, ಹೊಟ್ಟೆಗೆ ಒದ್ದೆ ಟವೆಲ್ ತುರುಕಿ ಉಬ್ಬಿಸಿ, ಮೈಗೆಲ್ಲ ಕಂದು ಬೂಟ್ ಪಾಲಿಶ್ ಮತ್ತು ಪಾತ್ರೆ ತೊಳೆಯುವ ಸೋಪಿನ ಲೇಪ ಬಳಿಯುತ್ತಾನೆ. ನೋಡಿದವರ ಬಾಯಲ್ಲಿ ನೀರೂರಬೇಕು. ತಿಂದವರ ಕಥೆ ಮುಂದೆ ಬರುತ್ತದೆ.

ನಮ್ಮಲ್ಲಿ ಗಂಡಸಿಗೆ ವರ್ಷವಿಡೀ ಕಸದ ಡಬ್ಬಿ ಹೊರಗಿಡುವುದಷ್ಟೇ ಅಧಿಕಾರ. ಆದರೆ ನವೆಂಬರಿನ ಆ ಒಂದು ಗುರುವಾರ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ, ಟರ್ಕಿಯನ್ನು ಕೊಯ್ಯುವ ಚಾಕು ಯಜಮಾನನ ಕೈಯಲ್ಲೇ ಇರಬೇಕು. ಅದು ಕಿರೀಟಕ್ಕೆ ಸಮ. ವೆಂಡೆಲ್‌ನ ಅಪ್ಪ ಓಹಾಯೋದಲ್ಲಿ ಕಸಾಯಿಯಾಗಿದ್ದ. ಮೂಳೆಯ ಹಿಡಿಯ ಚಾಕು, ಅದನ್ನು ಮಸೆಯುವ ಉಕ್ಕಿನ ಕಡ್ಡಿ, ಮತ್ತು ಕೊಯ್ಯುವ ವಿದ್ಯೆ, ಈ ಮೂರನ್ನೇ ಮಗನಿಗೆ ಬಿಟ್ಟು ಹೋಗಿದ್ದ. ಕುರ್ಚಿ ಗ್ಯಾರೇಜು ಸೇರಿದ ಆ ವರ್ಷವೇ ಚಾಕೂ ಹೋಯಿತು. ಕುರ್ಚಿಯಿಲ್ಲದವನಿಗೆ ಚಾಕು ಯಾಕೆಂದು ಅದು ಲೋರ್ನಾಳ ಅಣ್ಣ ಮರ್ಲ್‌ನ ಕೈಸೇರಿತು. ಮರ್ಲ್ ಹಳೇ ಕಾರು ಮಾರುವವನು, ಸೈನ್ಯದಲ್ಲಿ ಸಾರ್ಜೆಂಟ್ ಆಗಿದ್ದವನು. ಅವನು ಟರ್ಕಿ ಕೊಯ್ಯುವುದನ್ನು ನೋಡಿದರೆ ಶತ್ರುಗಳು ಯಾಕೆ ಶರಣಾದರೆಂದು ಅರ್ಥವಾಗುತ್ತದೆ.

ಮೂರು ಹಬ್ಬ ವೆಂಡೆಲ್ ತನ್ನಪ್ಪನ ಚಾಕು ಮೂಳೆಗೆ ಬಡಿದು ಕಿರ್ರೆನ್ನುವುದನ್ನು ಸ್ಟೂಲಿನ ಮೇಲೆ ಕೂತು ಕೇಳಿದ. ನಾಲ್ಕನೆಯದಕ್ಕೆ ತಿಂಗಳಿರುವಾಗ, ಕಾರಿನಲ್ಲಿ ಕೆಲಸಕ್ಕೆ ಹೋಗುತ್ತ, ಅವನಿಂದ ಎಂದೂ ನಿರೀಕ್ಷಿಸದ ಮಾತೊಂದು ಬಂತು.

"ಈ ಸಲ ಚಾಕು ನಾನೇ ಹಿಡೀತೀನಿ."

"ಲೋರ್ನಾಗೆ ಹೇಳಿದ್ಯಾ?"

"ಹೇಳ್ದೆ."

"ಏನಂದ್ಲು?"

"ಜಾಹೀರಾತು ಬಂದ್ಮೇಲೆ ಹೇಳು ಅಂದ್ಲು."

"ಬಂತಾ?"

"ಬಂತು. ಅವಳು ಎದ್ದು ಪಾತ್ರೆ ತೊಳೆಯೋಕೆ ಹೋದ್ಲು."

ಇಲ್ಲಿ ಸ್ವಲ್ಪ ಹಿಂದಕ್ಕೆ, ಏಪ್ರಿಲ್ ತಿಂಗಳಿಗೆ ಹೋಗಬೇಕು. ಆಗ ಸ್ಟುಡಿಯೋದಲ್ಲಿ ಒಂದು ಕೌಟುಂಬಿಕ ಚಿತ್ರ ತಯಾರಾಗುತ್ತಿತ್ತು. ಮನೆಗಾಗಿ ಗಾಣದೆತ್ತಿನಂತೆ ದುಡಿಯುವ ಗಂಡ, ಅವನ ಮುಖವನ್ನೇ ನೋಡದ ಹೆಂಡತಿ ಮಕ್ಕಳು. ಹಬ್ಬದೂಟದ ದೃಶ್ಯದಲ್ಲಿ ನಾಯಕ ಟರ್ಕಿ ಕೊಯ್ಯಬೇಕು. ಈ ಒಂದು ದೃಶ್ಯಕ್ಕೆ ಮಾತ್ರ ನಿಜವಾಗಿ ಬೆಂದ ಹಕ್ಕಿ. ನಾಯಕನಿಗೆ ಕಣ್ಣೀರು ಸಲೀಸು, ಚಾಕು ಹಿಡಿದು ಗೊತ್ತಿಲ್ಲ. ಹದಿಮೂರು ಸಲ ತೆಗೆದರು. ಒಂಬತ್ತು ಹಕ್ಕಿಗಳು ಮಡಿದವು.

"ಕೋಳಿ ಕೊಯ್ತಿದ್ದೀರೋ, ಟೆಲಿಗ್ರಾಂ ಹರೀತಿದ್ದೀರೋ?" ಎಂದು ನಿರ್ದೇಶಕ ಕಿರುಚಿದ.

ಹತ್ತನೆಯ ಹಕ್ಕಿಯನ್ನು ತಂದಿಟ್ಟ ವೆಂಡೆಲ್‌ಗೆ ತಡೆಯಲಾಗಲಿಲ್ಲ. "ಹಿಂಗೆ ಸಾರ್" ಎಂದು ಚಾಕುವನ್ನು ಕಡ್ಡಿಯ ಮೇಲೆ ಎರಡೇ ಸಲ ಎಳೆದ, ಎಡಗೈ ಹೆಬ್ಬೆರಳನ್ನು ಎದೆಯ ಮೂಳೆಗೆ ಒತ್ತಿ ಹಿಡಿದ, ಕೊಯ್ದ. ತುಂಡುಗಳು ಪುಸ್ತಕದ ಹಾಳೆಗಳಂತೆ ಒಂದರ ಮೇಲೊಂದು ಮಲಗಿದವು. ಐದು ನಿಮಿಷದಲ್ಲಿ ನಾಯಕನ ಕೋಟು ವೆಂಡೆಲ್‌ನ ಮೈಮೇಲಿತ್ತು, ಕ್ಯಾಮೆರಾ ಅವನ ಕೈಗಳ ಮೇಲಿತ್ತು. ಅವನ ಎಡ ಹೆಬ್ಬೆರಳ ಉಗುರು ಹಿಂದೊಮ್ಮೆ ಓಕ್ ಮರದ ಬೆಂಚು ಬಿದ್ದು ಎರಡಾಗಿ ಸೀಳಿ, ಕವಲೊಡೆದೇ ಬೆಳೆದಿತ್ತು. ಮೇಕಪ್ಪಿನ ಹುಡುಗಿ ಅದನ್ನು ಮುಚ್ಚಲು ಬಂದರೆ ನಿರ್ದೇಶಕ, "ಮುಟ್ಬೇಡ! ಇಡೀ ಸಿನಿಮಾದಲ್ಲಿ ಅದೊಂದೇ ನಿಜ" ಎಂದ.

ಅವತ್ತು ಸಂಜೆ ವೆಂಡೆಲ್ ಹಾರುತ್ತ ಮನೆಗೆ ಹೋದ. "ಲೋರ್ನಾ, ಇವತ್ತು ನನ್ನ ಕೈ ಸಿನಿಮಾದಲ್ಲಿ ಬಂತು. ಟರ್ಕಿ ಕೊಯ್ದೆ."

ಲೋರ್ನಾ ಪರದೆಯಿಂದ ಕಣ್ಣು ಕೀಳದೆ ಕೇಳಿದಳು: "ಸೋಪು ಹಾಕಿ ತೊಳ್ಕೊಂಡ್ಯಾ?"

ನವೆಂಬರಿನಲ್ಲಿ ಆ ಚಿತ್ರ ನಮ್ಮ ಬರ್ಬ್ಯಾಂಕಿನ ಚಿತ್ರಮಂದಿರಕ್ಕೆ ಬಂತು. ಒಂದು ಶನಿವಾರ ಮಧ್ಯಾಹ್ನ ಓಸ್ಟ್ರಾಂಡರ್ ಸಂಸಾರ, ಅಜ್ಜಿ, ಮರ್ಲ್, ಜೊತೆಗೆ ನಾನು, ಎಲ್ಲರೂ ಮರ್ಲ್‌ನ ಕಾರಿನಲ್ಲಿ ತುರುಕಿಕೊಂಡು ಹೋದೆವು. ಲೋರ್ನಾ ಅತ್ತ ಅಳು ಸಾಮಾನ್ಯದ್ದಲ್ಲ. ಮೂರು ಕರವಸ್ತ್ರ ನೆಂದವು, ಮೂರನೆಯದು ವೆಂಡೆಲ್‌ನದು.

"ಎಂಥ ಕಲ್ಲೆದೆಯವಳಮ್ಮ ಇವಳು! ಗಂಡ ಮನೇಲಿದಾನೋ ಇಲ್ವೋ ಅನ್ನೋದೂ ಗೊತ್ತಿಲ್ಲ" ಎಂದು ಬಿಕ್ಕಿದಳು.

"ಇಂಥವ್ರಿಗೆ ಛಡಿ ಏಟು ಬೀಳ್ಬೇಕು" ಎಂದಳು ಯೂಡೋರಾ ಅಜ್ಜಿ, ಕ್ಯಾಂಡಿ ಚೀಪುತ್ತ.

ಆಗ ತೆರೆಯ ತುಂಬ ಆ ಕೈಗಳು ಬಂದವು. ಸೀಳಿದ ಉಗುರು ಕುಂಬಳಕಾಯಿಯಷ್ಟು ದೊಡ್ಡದಾಗಿ ಕಾಣಿಸಿತು.

"ಆ ಉಗುರು ನೋಡ್ರೋ!" ಲೋರ್ನಾಳ ದನಿ ಒಡೆಯಿತು. "ಪಾಪ, ಹೆಂಡ್ತಿ ಮಕ್ಕಳಿಗೋಸ್ಕರ ಎಷ್ಟು ದುಡಿದಿರ್ಬೇಕು ಆ ಕೈ."

"ಲೋರ್ನಾ, ಅದು ನನ್ನ..."

"ಶ್! ಒಂದು ಗಳಿಗೆ ಬಾಯ್ಮುಚ್ಕೊಂಡು ಸಿನಿಮಾ ನೋಡೋಕಾಗಲ್ವಾ ನಿಂಗೆ?"

ಚಿತ್ರ ಮುಗಿದ ಮೇಲೆ ಅವಳ ಗ್ಲೌಸು ಒಳಗೇ ಉಳಿದಿತ್ತು. ತರಲು ವೆಂಡೆಲ್ ಹೋದ, ಅವನ ಜೊತೆ ನಾನು ಹೋದೆ. ಸೀಟಿನ ಕೆಳಗೆಲ್ಲ ಹುಡುಕಿ ಹೊರಗೆ ಬಂದರೆ ಕಾರಿಲ್ಲ. ಕಡೆಗಣಿಸಲ್ಪಟ್ಟ ಗಂಡನಿಗಾಗಿ ಮೂಗು ಕೆಂಪಾಗುವಷ್ಟು ಅತ್ತವರು ಗಂಡನನ್ನು ಚಿತ್ರಮಂದಿರದಲ್ಲೇ ಬಿಟ್ಟು ಹೋಗಿದ್ದರು. ಹನ್ನೊಂದು ಬೀದಿ ನಡೆದೆವು. ಬಾಗಿಲಲ್ಲೇ ಲೋರ್ನಾ ಸಿಡುಕಿದಳು: "ಎಲ್ಲಿ ಅಲೀತಿದ್ದೆ? ಗ್ಯಾರೇಜ್ ಬಾಗಿಲು ತೆಗೆಯೋರೇ ಗತಿಯಿಲ್ಲ!"

ವೆಂಡೆಲ್ ಗ್ಲೌಸು ಕೊಟ್ಟು, ಗ್ಯಾರೇಜ್ ತೆಗೆದ.

ಹಬ್ಬ ಹತ್ತಿರ ಬಂತು. ಸ್ಟುಡಿಯೋದಲ್ಲಿ ಆಗ ಇನ್ನೊಂದು ಚಿತ್ರದ ಊಟದ ದೃಶ್ಯ ಅರ್ಧ ಮುಗಿದಿತ್ತು. ಉಳಿದರ್ಧ ಹಬ್ಬದ ಮಾರನೆಯ ದಿನ, ಶುಕ್ರವಾರ. ಮೇಜಿನ ಮೇಲೆ ಅದೇ ಹಕ್ಕಿ ಇರಬೇಕು, ಗೀರೂ ಬಿದ್ದಿರಬಾರದು. ಸ್ಟುಡಿಯೋದ ಶೀತಲ ಕೋಣೆ ಕೆಟ್ಟು ಕೂತಿದ್ದರಿಂದ ವೆಂಡೆಲ್ ಆ ಪಾಲಿಶ್ ಹಕ್ಕಿಯನ್ನು ಮನೆಗೆ ಒಯ್ದು ಗ್ಯಾರೇಜಿನ ಹಳೇ ಫ್ರಿಜ್‌ನಲ್ಲಿ ಕಾಯಬೇಕಾಯಿತು. ಮಂಗಳವಾರದ ಊಟದಲ್ಲಿ ಸ್ಟೂಲಿನ ಮೇಲಿಂದ ಅವನು ಸ್ಪಷ್ಟವಾಗಿಯೇ ಹೇಳಿದ: "ಲೋರ್ನಾ, ನಾಳೆ ಸ್ಟುಡಿಯೋದಿಂದ ಒಂದು ಟರ್ಕಿ ತರ್ತೀನಿ. ಅದು ತಿನ್ನೋಕಲ್ಲ. ನಮ್ಮದನ್ನ ನೀನೇ ಅಂಗಡಿಯಿಂದ ತಂದ್ಬಿಡು."

ಆ ಹೊತ್ತಿಗೆ ಪರದೆಯ ಮೇಲೆ ಒಬ್ಬ ಹಾಸ್ಯಗಾರ ಬಾಳೆಹಣ್ಣಿನ ಸಿಪ್ಪೆ ತುಳಿದು ಜಾರುವುದರಲ್ಲಿದ್ದ. ಲೋರ್ನಾಳ ಕಿವಿಗೆ "ಸ್ಟುಡಿಯೋದಿಂದ ಒಂದು ಟರ್ಕಿ ತರ್ತೀನಿ" ಎಂಬಲ್ಲಿಯವರೆಗೆ ಹೋಯಿತು. ಮಿಕ್ಕದ್ದು ಸಿಪ್ಪೆಯ ಜೊತೆ ಜಾರಿತು.

"ಆಯ್ತು ಡಿಯರ್" ಎಂದಳು. ಬೆಳಿಗ್ಗೆ ಎದ್ದವಳೇ ಕಸಾಯಿ ಅಂಗಡಿಗೆ ಫೋನ್ ಮಾಡಿ ತನ್ನ ಟರ್ಕಿ ಬೇಡವೆಂದಳು. ಆಮೇಲೆ ಬೇಲಿಯ ಮೇಲಿಂದ ನನಗೂ ಸಾರಿದಳು: "ಅಂತೂ ಆ ಸ್ಟುಡಿಯೋದಿಂದ ಮನೆಗೊಂದು ಉಪಕಾರ ಆಯ್ತು ನೋಡಿ. ಬೇಯಿಸಿಯೇ ಕೊಡ್ತಾರಂತೆ!" ನಾನು ಇದು ಬೇರೆ ಟರ್ಕಿ ಎಂದುಕೊಂಡೆ.

ಗುರುವಾರ ಮಧ್ಯಾಹ್ನ. ಮುಚ್ಚಿದ ಒಲೆಯೊಳಗೆ ಕುಂಬಳದ ಸಿಹಿ ಪೈ ಬೇಯುತ್ತಿತ್ತು. ಅದರ ಕಾವು ಕಂಡ ವೆಂಡೆಲ್ ಒಳಗಿರುವುದು ಅಂಗಡಿಯಿಂದ ತಂದ ಟರ್ಕಿಯೇ ಎಂದು ನೆಮ್ಮದಿಯಿಂದಿದ್ದ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಅಪ್ಪನ ಚಾಕುವನ್ನು ಉಜ್ಜಿ ಹೊಳಪಿಸಿ, ಮೇಜಿನ ಮೇಲೆ ತಾನೇ ಇಟ್ಟಿದ್ದ. ಅಷ್ಟರಲ್ಲಿ ಲೋರ್ನಾ, "ಕುರ್ಚಿ ಸಾಲಲ್ಲ, ಚರ್ಚಿನಿಂದ ಮಡಚೋ ಕುರ್ಚಿ ತಗೊಂಡು ಬಾ" ಎಂದು ಅಟ್ಟಿದಳು.

ಅವನು ಬರುವಷ್ಟರಲ್ಲಿ ಮೇಜು ತುಂಬಿತ್ತು. ಹಿಸುಕಿದ ಆಲೂಗಡ್ಡೆ, ಕ್ರ್ಯಾನ್‌ಬೆರಿ ಗೊಜ್ಜು, ಅವುಗಳ ನಡುವೆ, ಒಲೆಯಲ್ಲಿ ಕಾಲು ತಾಸು ಬೆಚ್ಚಗಾಗಿ, ಮದುಮಗನ ಬೂಟಿನಂತೆ ಹೊಳೆಯುತ್ತ ಅದು ಕೂತಿತ್ತು. ಗ್ಯಾರೇಜಿನಿಂದ ತಂದದ್ದು ಗ್ವೆನ್.

"ಏನೋ ಹೊಸ ಮಸಾಲೆ ವಾಸನೆ" ಎಂದಳು ಯೂಡೋರಾ ಅಜ್ಜಿ, ಮೂಗರಳಿಸಿ.

"ಫ್ರಾನ್ಸಿನ ಕಡೇದಿರ್ಬೇಕಮ್ಮ" ಎಂದಳು ಲೋರ್ನಾ, ಹೆಮ್ಮೆಯಿಂದ.

ಹಬ್ಬದೂಟಕ್ಕೆ ಬಂದು ಮೇಜಿನ ಬಳಿ ಕೂತಿದ್ದ ನಾನು ನೋಡಿದೊಡನೆ ಗುರುತು ಹಿಡಿದೆ. ಮತ್ತೆ ಯಾಕೆ ಬಾಯಿಬಿಡಲಿಲ್ಲ ಎಂದು ನೀವು ಕೇಳಬಹುದು. ಚಾಕು ಮರ್ಲ್‌ನ ಕೈಯಲ್ಲಿತ್ತು. ಹಿಂದಿನ ವರ್ಷ ಅದೇ ಮರ್ಲ್ ನನ್ನ ತಲೆಗೊಂದು ಗುಜರಿ ಕಾರು ಕಟ್ಟಿದ್ದ.

ಎರಡು ಕಂಕುಳಲ್ಲೂ ಕುರ್ಚಿಗಳನ್ನು ಇರುಕಿಕೊಂಡು ಬಾಗಿಲಲ್ಲಿ ನಿಂತ ವೆಂಡೆಲ್‌ನ ಕಣ್ಣು ಮೊದಲು ಹಕ್ಕಿಯ ಮೇಲೆ ಬಿತ್ತು, ಆಮೇಲೆ ಚಾಕುವಿನ ಮೇಲೆ. ಯಾವುದಕ್ಕೆ ಹೆಚ್ಚು ನೊಂದನೋ ತಿಳಿಯದು.

"ಅದು ತಿನ್ನೋಕಲ್ಲ" ಎಂದ.

"ಬಂದ್ಯಾ? ಬಾಗಿಲು ಹಾಕು, ಗಾಳಿ ಬರುತ್ತೆ" ಎಂದಳು ಲೋರ್ನಾ.

ಮರ್ಲ್ ಎದ್ದು ನಿಂತು ಪ್ರಾರ್ಥನೆ ಶುರುಮಾಡಿದ. ರಸ್ಟಿ ಟಿವಿಯ ಸದ್ದು ಮಾತ್ರ ತಗ್ಗಿಸಿದ. ಪರದೆಯ ಮೇಲೆ ಡೆಟ್ರಾಯಿಟ್‌ನ ಫುಟ್‌ಬಾಲ್ ಪಂದ್ಯ ಮೌನವಾಗಿ ನಡೆದಿತ್ತು, ದೇವರಿಗೆ ಬೇಕಿದ್ದರೆ ನೋಡಿಕೊಳ್ಳಲಿ ಎಂಬಂತೆ. ಎಲ್ಲರ ತಲೆಗಳೂ ಬಾಗಿದವು.

"ಮರ್ಲ್, ಅದು ತಿನ್ನೋಕಲ್ಲ" ಎಂದ ವೆಂಡೆಲ್, ಎರಡನೆಯ ಬಾರಿ.

"ಡ್ಯಾಡಿ! ಪ್ರಾರ್ಥನೆ!" ಗ್ವೆನ್ ಒಂದು ಕಣ್ಣು ತೆರೆದು ಗದರಿದಳು.

ಮರ್ಲ್ ಸೈನ್ಯವನ್ನು, ರಾಷ್ಟ್ರವನ್ನು, ಕಾರಿನ ವ್ಯಾಪಾರವನ್ನು, "ಈ ಮನೆಯ ಯಜಮಾನ್ತಿಯ ಕೈ ಅಡುಗೆಯನ್ನು" ಒಂದೊಂದಾಗಿ ದೇವರಿಗೆ ವಹಿಸಿದ. ಯಜಮಾನ ಬಾಗಿಲಲ್ಲಿ ಕುರ್ಚಿ ಹೊತ್ತು ನಿಂತಿದ್ದ. ಆಮೆನ್ ಎಂದದ್ದೇ ತಡ, ಚಾಕು ಮೇಲೆದ್ದಿತು.

"ಮರ್ಲ್, ದಯವಿಟ್ಟು. ಅದು ತಿನ್ನೋ..."

"ಏನಯ್ಯಾ ವೆಂಡೆಲ್, ನಿನ್ನ ಪಾಲು ಸ್ಟೂಲಿನ ಹತ್ರಾನೇ ಬರುತ್ತೆ. ಸ್ವಲ್ಪ ತಾಳು!"

ಮರ್ಲ್‌ನದೊಂದು ಪದ್ಧತಿ. ಎದೆಯ ಮೇಲಿನ ಗರಿಗರಿ ಚರ್ಮದ ಮೊದಲ ತುಂಡು ಕೊಯ್ದವನದೇ. ಕಿತ್ತು ಬಾಯಿಗೆ ಹಾಕಿಕೊಂಡ, ಅಗಿದ. ಅಗಿಯುತ್ತಲೇ ಚಾಕು ಹೊಡೆದ. ಚಾಕು ಹೋದಲ್ಲೆಲ್ಲ ಒಳಗಿನ ಮಾಂಸ ಹಸಿಹಸಿಯಾಗಿ, ಎಳೆಗೂಸಿನ ಅಂಗಾಲಿನ ಬಣ್ಣದಲ್ಲಿ ಹೊರಬಂತು. ಮರ್ಲ್‌ನ ದವಡೆ ನಿಂತಿತು. ಆದರೆ ಸಾರ್ಜೆಂಟ್ ಹಿಮ್ಮೆಟ್ಟುವುದುಂಟೆ? ಹೊಟ್ಟೆಯಲ್ಲಿ ತುಂಬಿದ್ದನ್ನಾದರೂ ಬಡಿಸೋಣವೆಂದು ಸೌಟು ಹಾಕಿ ಎಳೆದ. ಬಂತು. ಬರುತ್ತಲೇ ಇತ್ತು. ಸುಮಾರು ಮೂರಡಿ ಉದ್ದದ ಟವೆಲ್, ಅಂಚಿನಲ್ಲಿ 'ಸಾಮಾನು ವಿಭಾಗದ ಸ್ವತ್ತು' ಎಂಬ ಮುದ್ರೆ ಸಮೇತ.

"ನಮ್ಮ ಕಾಲದಲ್ಲಿ ಬ್ರೆಡ್ ತುಂಬ್ತಿದ್ವಿ" ಎಂದಳು ಅಜ್ಜಿ.

ಮರ್ಲ್ ಏನೋ ಹೇಳಲು ಬಾಯಿ ತೆರೆದ. ಹಲ್ಲುಗಳೆಲ್ಲ ಕಂದು ಬಣ್ಣಕ್ಕೆ ತಿರುಗಿ ಫಳಫಳ ಹೊಳೆಯುತ್ತಿದ್ದವು, ಮೂಲೆಗಳಲ್ಲಿ ಸೋಪಿನ ಸಣ್ಣ ಗುಳ್ಳೆಗಳು. ಬಚ್ಚಲಿಗೆ ಓಡಿದ. ಮೂರು ವರ್ಷದಲ್ಲಿ ಮೊದಲ ಸಲ ಆ ಮನೆಯಲ್ಲಿ ಯಾರೂ ಟಿವಿ ನೋಡುತ್ತಿರಲಿಲ್ಲ.

"ತಿನ್ನೋಕಲ್ಲ ಅಂತ ಮೂರು ಸಲ ಹೇಳ್ದೆ" ಎಂದ ವೆಂಡೆಲ್, ಮೆಲ್ಲಗೆ. "ಮಂಗಳವಾರದ್ದು ಸೇರಿದ್ರೆ ನಾಲ್ಕು."

"ಯಾರಿಗೆ ಹೇಳ್ದೆ?" ಎಂದಳು ಲೋರ್ನಾ.

"ನಂಗೂ ಅದೇ ಗೊತ್ತಾಗ್ತಿಲ್ಲ."

ಅವನು ಒಂದು ಮಡಚುವ ಕುರ್ಚಿಯನ್ನು ಬಿಚ್ಚಿ ಮೇಜಿನ ತುದಿಯಲ್ಲಿ, ನೇರವಾಗಿ ಟಿವಿಯ ಮುಂದೆ, ಹಾಕಿದ. ರಸ್ಟಿ "ಡ್ಯಾಡಿ, ಪಂದ್ಯ..." ಎಂದು ಶುರುಮಾಡಿ ಯಾಕೋ ನುಂಗಿಕೊಂಡ. ವೆಂಡೆಲ್ ಅಡುಗೆಮನೆಗೆ ಹೋಗಿ ಡಬ್ಬಿಯ ಹಂದಿಮಾಂಸ ತೆರೆದು ತಟ್ಟೆಗೆ ಕವುಚಿ ತಂದ. ಅದು ಡಬ್ಬಿಯ ಆಕಾರದಲ್ಲೇ ನಡುಗುತ್ತ ನಿಂತಿತು. ಪಟ್ಟಾಭಿಷೇಕಕ್ಕೆ ಇದಕ್ಕಿಂತ ಬಡ ಆನೆ ಯಾವ ರಾಜನಿಗೂ ಸಿಕ್ಕಿರಲಾರದು. ಚಾಕುವನ್ನು ತೊಳೆದು, ಒರೆಸಿ, ಕಡ್ಡಿಯ ಮೇಲೆ ಎರಡೇ ಸಲ ಎಳೆದ. ಕೂತ. ಎಡ ಹೆಬ್ಬೆರಳನ್ನು ಮಾಂಸದ ಮೇಲೆ ಒತ್ತಿದ. ತುಂಡುಗಳು ಪುಸ್ತಕದ ಹಾಳೆಗಳಂತೆ ಮಲಗತೊಡಗಿದವು.

"ಮಮ್ಮೀ" ಎಂದಳು ಗ್ವೆನ್. "ಆ ಉಗುರು."

ಲೋರ್ನಾ ನೋಡಿದಳು. ಕೈ ನೋಡಿದಳು, ಕೈಯ ಹಿಂದೆ ತೋಳು ನೋಡಿದಳು, ತೋಳಿನ ಮೇಲೆ ಮುಖವೂ ಇರುವುದನ್ನು ಕಂಡಳು.

"ಇದು... ಯಾವಾಗ ಆಯ್ತು ನಿಂಗೆ?"

"ನಲವತ್ತೊಂಬತ್ತರಲ್ಲಿ. ಬೆಂಚು ಬಿತ್ತಲ್ಲ."

"ಹಾಗಾದ್ರೆ ಆ ಸಿನಿಮಾದಲ್ಲಿ..."

"ಏಪ್ರಿಲ್‌ನಲ್ಲೇ ಹೇಳಿದ್ದೆ. ಸೋಪು ಹಾಕಿ ತೊಳ್ಕೊಂಡ್ಯಾ ಅಂದೆ ನೀನು."

ಲೋರ್ನಾ ಮತ್ತೆ ಅತ್ತಳು. ಈ ಸಲ ಕರವಸ್ತ್ರ ಕೊಡುವವನ ಕೈ ತೆರವಿರಲಿಲ್ಲವಾದ್ದರಿಂದ ಸ್ಟುಡಿಯೋದ ಟವೆಲ್‌ನಲ್ಲೇ ಕಣ್ಣೊರೆಸಿಕೊಂಡಳು. ಕೆನ್ನೆಯ ಮೇಲೆ ಒಂದು ಕಂದು ಗೆರೆ ಬಿತ್ತು. ಯಾರೂ ಹೇಳಲಿಲ್ಲ. ಹಂದಿಮಾಂಸ ಮಾತ್ರ ಅಷ್ಟು ತೆಳ್ಳಗೆ, ಅಷ್ಟು ನ್ಯಾಯವಾಗಿ ಏಳು ತಟ್ಟೆಗೂ ಬಂದದ್ದನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಮರ್ಲ್ ಬಚ್ಚಲಿನಿಂದ ಬರುವಷ್ಟರಲ್ಲಿ ಹಾಕಿದ್ದ ಕುರ್ಚಿಗಳೆಲ್ಲ ತುಂಬಿದ್ದವು, ಇನ್ನೊಂದು ಮಡಚುವ ಕುರ್ಚಿಯನ್ನು ಯಾರೂ ಬಿಚ್ಚಿರಲಿಲ್ಲ. ಅವನು ಸ್ಟೂಲಿನ ಮೇಲೆ ಕೂತ. ಉಪ್ಪು ಹತ್ತಿರವೇ ಇತ್ತು.

ಶುಕ್ರವಾರ ಸ್ಟುಡಿಯೋದಲ್ಲಿ ಆ ಹಕ್ಕಿಯನ್ನು ದಾರದಿಂದ ಹೊಲಿದು, ಹೊಸದಾಗಿ ಪಾಲಿಶ್ ಹಚ್ಚಿ, ಗಾಯವನ್ನು ನಾನು ಬಣ್ಣ ಬಳಿದ ಗೋಡೆಯ ಕಡೆ ತಿರುಗಿಸಿ ಇಟ್ಟೆವು. ಯಾರಿಗೂ ಗೊತ್ತಾಗಲಿಲ್ಲ.

ಅತ್ತ ಮನೆಯಲ್ಲಿ ಕೈಗಳಿದ್ದ ಕುರ್ಚಿ ಗ್ಯಾರೇಜಿನಿಂದ ಮರಳಿತು. ಇನ್ನು ಟಿವಿ ಏನಾಗಬೇಕು? ಕುಟುಂಬ ಸಭೆ ಸೇರಿ ಅದನ್ನು ಅಡುಗೆಮನೆಗೆ ಸಾಗಿಸುವುದೆಂದು ತೀರ್ಮಾನಿಸಿತು. ಭಾನುವಾರ ಮಧ್ಯಾಹ್ನ ನಾನು ಬೇಲಿಯ ಬಳಿ ಎಲೆ ಗುಡಿಸುತ್ತಿದ್ದೆ. ಅವರ ಕಿಟಕಿ ತೆರೆದಿತ್ತು. ಅದು ನನ್ನ ತಪ್ಪಲ್ಲ. ವೆಂಡೆಲ್ ತನ್ನ ಸಿಂಹಾಸನದಲ್ಲಿ ಕೂತು, ಎದುರಿಗೆ ಹುರಿದ ದನದ ಮಾಂಸದ ದೊಡ್ಡ ತುಂಡೊಂದನ್ನು ಇಟ್ಟುಕೊಂಡು, ಚಾಕು ಮಸೆಯುತ್ತಿದ್ದ. ಸುತ್ತ ಐದು ಖಾಲಿ ಕುರ್ಚಿಗಳು. ಪ್ರಜೆಗಳೆಲ್ಲ ಟಿವಿಯ ಹಿಂದೆ ಅಡುಗೆಮನೆಗೆ ವಲಸೆ ಹೋಗಿದ್ದರು.

ಸ್ವಲ್ಪ ಹೊತ್ತಿಗೆ ಲೋರ್ನಾ ತಟ್ಟೆ ಹಿಡಿದು ಬಂದಳು, ಅವನ ಬಲಗಡೆ ಕೂತಳು.

"ಒಂದು ತುಂಡು ಹಾಕು. ತೆಳ್ಳಗೆ."

ಹಾಕಿದ. ಅಡುಗೆಮನೆಯಲ್ಲಿ ಎಲ್ಲರೂ ಘೊಳ್ಳೆಂದರು. ಅವಳ ಕತ್ತು ಅತ್ತ ಅರ್ಧ ತಿರುಗಿತು, ಮರಳಿ ಬಂತು.

"ಏನೋ ಹೇಳ್ಬೇಕು ಹೇಳ್ಬೇಕು ಅಂತಿದ್ಯಲ್ಲ. ಹೇಳು."

ವೆಂಡೆಲ್ ಚಾಕು ಕೆಳಗಿಟ್ಟ. ಮೂರು ವರ್ಷ ಸ್ಟೂಲಿನ ಮೇಲೆ ಕೂತು ಕೂಡಿಟ್ಟ ಮಾತುಗಳೆಲ್ಲ ಒಟ್ಟಿಗೆ ಬಾಗಿಲಿಗೆ ನುಗ್ಗಿ ಅಲ್ಲೇ ಸಿಕ್ಕಿಕೊಂಡಿರಬೇಕು. ಕೆಮ್ಮಿದ. ಅಂಗಿಯ ಗುಂಡಿ ನೋಡಿಕೊಂಡ. ಕೊನೆಗೆ, "ಉಪ್ಪು ಕೊಡು" ಎಂದ.

ಉಪ್ಪು ಅಡುಗೆಮನೆಯಲ್ಲಿತ್ತು, ಟಿವಿಯ ಪಕ್ಕದಲ್ಲೇ. ಲೋರ್ನಾ ಎದ್ದು ಒಳಗೆ ಹೋದಳು. ವೆಂಡೆಲ್ ಬಾಗಿಲನ್ನೇ ನೋಡುತ್ತ ಕೂತ. ನಾನೂ ಗುಡಿಸುವುದನ್ನು ನಿಲ್ಲಿಸಿದೆ. ಒಳಗೆ ಯಾವುದೋ ಸೋಪಿನ ಜಾಹೀರಾತಿನ ಹಾಡು ಶುರುವಾಯಿತು, ಅರ್ಧಕ್ಕೆ ಬಂತು.

ಉಪ್ಪು ಬಂತು. ಹಾಡು ಮುಗಿಯುವ ಮೊದಲೇ ಬಂತು.